ಪುಗ್ಗೆ ಏಕೆ ಕುಗ್ಗಿತು?

ಊರ ಜಾತ್ರೆಯ ಸಂಜೆ. ಮಂಡಕ್ಕಿ, ಬೆಂಡು ಬತ್ತಾಸಿನ ಅಂಗಡಿಗಳ ನಡುವೆ ಪುಗ್ಗೆ ಮಾರುವವನು ನಿಂತಿದ್ದಾನೆ. ಅವನ ಕೈಯಲ್ಲಿ ಎರಡು ಬಗೆಯ ಪುಗ್ಗೆಗಳಿವೆ. ಒಂದು, ಗುಂಡಗಿನ ಕೆಂಪು ರಬ್ಬರ್ ಪುಗ್ಗೆ. ಇನ್ನೊಂದು, ಬೆಳ್ಳಿಯಂತೆ ಮಿರುಗುವ ಮೀನಿನ ಆಕಾರದ ಪುಗ್ಗೆ. ಎರಡೂ ದಾರವನ್ನು ಜಗ್ಗುತ್ತಾ ಆಕಾಶಕ್ಕೆ ಏರಲು ಹವಣಿಸುತ್ತಿವೆ. ಮೀನಿನ ಬೆಲೆ ಹೆಚ್ಚು. ಹಾಗಾಗಿ ನೀವು ಅಪ್ಪನನ್ನು ಕಾಡಿಬೇಡಿ ಕೆಂಪು ಪುಗ್ಗೆಯನ್ನು ಕೊಂಡಿರಿ. ಪಕ್ಕದ ಮನೆಯ ಗೆಳೆಯ ಮೀನನ್ನು ಕೊಂಡ.

ರಾತ್ರಿ ಮಲಗುವಾಗ ನಿಮ್ಮ ಪುಗ್ಗೆ ಸೂರಿಗೆ ತಾಗಿಕೊಂಡು ನಿಂತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಬಿದ್ದಿದೆ! ಗಾತ್ರವೂ ಕುಗ್ಗಿದೆ. ಹಾಕಿದ ಗಂಟು ಹಾಕಿದಂತೆಯೇ ಇದೆ. ಎಲ್ಲಿಯೂ ತೂತು ಕಾಣುತ್ತಿಲ್ಲ. ಗೆಳೆಯನ ಮೀನು ಮಾತ್ರ ವಾರ ಕಳೆದರೂ ಸೂರಿನಿಂದ ಇಳಿದಿಲ್ಲ. ಪುಗ್ಗೆಯವನು ಮೋಸ ಮಾಡಿದನೆ? ಪಾಪ, ಅವನದೇನೂ ತಪ್ಪಿಲ್ಲ. ಎರಡು ಪುಗ್ಗೆಗಳ ಚರ್ಮವೇ ಬೇರೆ ಬೇರೆ.

(ಬಲೂನು, ಪುಗ್ಗೆ, ಪುಗ್ಗಾ ಎಂದು ಊರಿಗೊಂದು ಹೆಸರಿದೆ. ನಾವು ಇಲ್ಲಿ ಪುಗ್ಗೆ ಎಂದೇ ಕರೆಯೋಣ.)

ಮರದ ಹಾಲಿನ ಪುಗ್ಗೆ

ರಬ್ಬರ್ ಮರದ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ನಮ್ಮ ರಾಜ್ಯದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಹೋದರೆ ರಬ್ಬರ್ ತೋಟಗಳು ಕಾಣುತ್ತವೆ. ಅಲ್ಲಿನ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಸುಕಿನಲ್ಲೇ ಎದ್ದು ತೋಟಕ್ಕೆ ಹೋಗುವ ಟ್ಯಾಪಿಂಗ್ ಕೆಲಸಗಾರರು ವಿಶೇಷ ಕತ್ತಿಯಿಂದ ಮರದ ತೊಗಟೆಯನ್ನು ಓರೆಯಾಗಿ, ತೆಳುವಾಗಿ ಕೆತ್ತುತ್ತಾರೆ. ಬಿಳಿಯ ಹಾಲು ತೊಟ್ಟಿಕ್ಕಿ, ಕೆಳಗೆ ಕಟ್ಟಿದ ತೆಂಗಿನ ಗೆರಟೆ ಅಥವಾ ಪ್ಲಾಸ್ಟಿಕ್ ಬಟ್ಟಲನ್ನು ತುಂಬುತ್ತದೆ. ನಸುಕಿನಲ್ಲೇ ಏಕೆ? ತಂಪು ಹೊತ್ತಿನಲ್ಲಿ ಮರದೊಳಗೆ ನೀರಿನ ಒತ್ತಡ ಹೆಚ್ಚು. ಆಗ ಹಾಲು ಚೆನ್ನಾಗಿ ಇಳಿಯುತ್ತದೆ. ಬಿಸಿಲೇರಿ ಎಲೆಗಳಿಂದ ನೀರು ಆವಿಯಾಗತೊಡಗಿದರೆ ಹಾಲಿನ ಹರಿವೂ ತಗ್ಗುತ್ತದೆ.

ಈ ಹಾಲಿಗೆ ಲೇಟೆಕ್ಸ್ ಎಂದು ಹೆಸರು. ಇದರಲ್ಲಿ ಸುಮಾರು ಮೂರನೇ ಒಂದು ಪಾಲು ರಬ್ಬರ್. ಉಳಿದದ್ದು ಹೆಚ್ಚಾಗಿ ನೀರು. ಹಸುವಿನ ಹಾಲಿಗೆ ನಿಂಬೆರಸ ಹಿಂಡಿದರೆ ಒಡೆಯುವಂತೆ, ಈ ಹಾಲಿಗೆ ಆಮ್ಲ ಬೆರೆಸಿದರೆ ರಬ್ಬರ್ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿ ಮಾಡಿ, ಹಾಳೆಯಾಗಿ ಒತ್ತಿ ಒಣಗಿಸುವುದು ಟಯರಿನಂಥ ವಸ್ತುಗಳಿಗೆ. ಪುಗ್ಗೆಗೆ ಹಾಲು ಹಾಲಾಗಿಯೇ ಇರಬೇಕು. ಅದಕ್ಕೆ ಅಮೋನಿಯಾ ಸೇರಿಸಿ ಒಡೆಯದಂತೆ ಕಾಪಾಡುತ್ತಾರೆ.

ಕಾರ್ಖಾನೆಯಲ್ಲಿ ಪುಗ್ಗೆಯ ಆಕಾರದ ಅಚ್ಚುಗಳಿರುತ್ತವೆ. ಅಚ್ಚನ್ನು ಮೊದಲು ಹಾಲನ್ನು ಗಟ್ಟಿಯಾಗಿಸುವ ಲವಣದ ದ್ರಾವಣದಲ್ಲಿ ಅದ್ದಿ, ಆಮೇಲೆ ಬಣ್ಣ ಬೆರೆಸಿದ ಲೇಟೆಕ್ಸಿನಲ್ಲಿ ಅದ್ದುತ್ತಾರೆ. ಅಚ್ಚಿನ ಮೇಲೆ ತೆಳು ಪೊರೆ ಕೂರುತ್ತದೆ. ಉರುಳುವ ಕುಂಚಗಳು ಪೊರೆಯ ಅಂಚನ್ನು ಸುರುಳಿ ಸುತ್ತುತ್ತವೆ. ಪುಗ್ಗೆಯ ಬಾಯಲ್ಲಿ ಬಳೆಯಂಥ ಒಂದು ಉಂಗುರ ಇರುತ್ತದಲ್ಲ, ಅದೇ ಇದು. ಆಮೇಲೆ ಬಿಸಿನೀರಿನಲ್ಲಿ ತೊಳೆದು, ಒಲೆಯಲ್ಲಿ ಕಾಯಿಸಿ, ಅಚ್ಚಿನಿಂದ ಕಿತ್ತು ತೆಗೆದರೆ ಪುಗ್ಗೆ ಸಿದ್ಧ.

ಕಾಯಿಸುವುದರಲ್ಲೇ ಗುಟ್ಟಿದೆ. ತಟ್ಟೆಯಲ್ಲಿ ಬೇಯಿಸಿದ ಶಾವಿಗೆ ಇದೆ ಎಂದುಕೊಳ್ಳಿ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮುದ್ದೆಯಾಗಿವೆ. ರಬ್ಬರಿನ ಅಣುಗಳೂ ಹೀಗೆಯೇ. ಒಂದೊಂದೂ ಸಾವಿರಾರು ಕೊಂಡಿಗಳ ಉದ್ದದ ಸರಪಳಿ. ಶಾವಿಗೆಯನ್ನು ಎಳೆದರೆ ಎಳೆಗಳು ಜಾರಿ ಬೇರೆಯಾಗುತ್ತವೆ. ಮತ್ತೆ ಮೊದಲಿನಂತೆ ಆಗುವುದಿಲ್ಲ. ಆದರೆ ಅಲ್ಲಲ್ಲಿ ಎಳೆಗಳನ್ನು ದಾರದಿಂದ ಗಂಟು ಹಾಕಿದ್ದರೆ? ಎಳೆದಾಗ ಹಿಗ್ಗಿ, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ಲೇಟೆಕ್ಸಿಗೆ ಗಂಧಕ ಸೇರಿಸಿ ಕಾಯಿಸಿದಾಗ ಆಗುವುದು ಇದೇ. ಗಂಧಕದ ಪರಮಾಣುಗಳು ಸರಪಳಿಗಳ ನಡುವೆ ಗಂಟು ಹಾಕುತ್ತವೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಇದನ್ನು ಕಂಡುಕೊಂಡ. ಈ ಕ್ರಿಯೆಗೆ ವಲ್ಕನೀಕರಣ ಎಂದು ಹೆಸರು.

ಅದಕ್ಕೂ 15 ವರ್ಷ ಮೊದಲೇ ರಬ್ಬರ್ ಪುಗ್ಗೆ ಹುಟ್ಟಿತ್ತು. 1824ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆಗೆ ಜಲಜನಕವನ್ನು ಹಿಡಿದಿಡಲು ಚೀಲವೊಂದು ಬೇಕಾಗಿತ್ತು. ಮುಂದೆ ವಿದ್ಯುತ್ತಿನ ಬಗ್ಗೆ ದೊಡ್ಡ ಆವಿಷ್ಕಾರಗಳನ್ನು ಮಾಡಿದ ಅದೇ ಫ್ಯಾರಡೆ. ಅವನು ಎರಡು ರಬ್ಬರ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಅಂಚುಗಳನ್ನು ಒತ್ತಿದ. ಆಗಿನ ರಬ್ಬರ್ ಅಂಟಂಟಾಗಿದ್ದುದರಿಂದ ಅಂಚುಗಳು ತಾವಾಗಿಯೇ ಅಂಟಿಕೊಂಡವು. ಒಳಭಾಗವೂ ಅಂಟಿಕೊಂಡರೆ? ಅದಕ್ಕೆಂದೇ ಒಳಗೆ ಹಿಟ್ಟು ಸವರಿದ್ದ! ಹೊಸ ಪುಗ್ಗೆಯೊಳಗೆ ಇಂದಿಗೂ ಬಿಳಿಯ ಪುಡಿ ಇರುವುದುಂಟು. ಕೆಲಸ ಅದೇ, ಪುಡಿ ಬೇರೆ.

ಈಗ ಒಂದು ರಬ್ಬರ್ ಪುಗ್ಗೆಯನ್ನು ಕೈಗೆತ್ತಿಕೊಳ್ಳಿ. ಊದುವ ಮೊದಲು ಅದರ ಮೇಲೆ ಪೆನ್ನಿನಿಂದ 1 ಸೆಂ.ಮೀ. ಅಂತರದಲ್ಲಿ ಎರಡು ಚುಕ್ಕೆ ಇಡಿ. ಊದಿದ ಮೇಲೆ ಅಂತರವನ್ನು ದಾರದಿಂದ ಅಳೆಯಿರಿ. 4 ಸೆಂ.ಮೀ. ಆಗಿದೆ ಎನ್ನೋಣ. ಉದ್ದಕ್ಕೂ ಅಗಲಕ್ಕೂ 4 ಪಟ್ಟು ಹಿಗ್ಗಿದರೆ ಹೊರಮೈಯ ವಿಸ್ತೀರ್ಣ 16 ಪಟ್ಟು ಹೆಚ್ಚುತ್ತದೆ. ರಬ್ಬರ್ ಮಾತ್ರ ಇದ್ದಷ್ಟೇ ಇದೆ. ಹಾಗಾಗಿ ಅದರ ದಪ್ಪ 16ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಬಣ್ಣ ತೆಳುವಾಗಿ, ಆಚೆಗಿನ ಬೆಳಕು ಕಾಣುವುದು ಇದಕ್ಕೇ. ಗಂಟಿನ ಹತ್ತಿರ ಮತ್ತು ತುದಿಯಲ್ಲಿ ಬಣ್ಣ ಇನ್ನೂ ಗಾಢವಾಗಿರುವುದನ್ನೂ ಗಮನಿಸಿ. ಅಲ್ಲಿ ರಬ್ಬರ್ ಹೆಚ್ಚು ಹಿಗ್ಗಿಲ್ಲ.

ಬೆಳ್ಳಿಯಿಲ್ಲದ ಬೆಳ್ಳಿ ಮೀನು

ಗೆಳೆಯನ ಮೀನಿನಲ್ಲಿ ಬೆಳ್ಳಿಯೂ ಇಲ್ಲ, ರಬ್ಬರೂ ಇಲ್ಲ. ಅದು ಪ್ಲಾಸ್ಟಿಕ್ಕಿನದು. ಇದನ್ನು ಫಾಯಿಲ್ ಪುಗ್ಗೆ ಎನ್ನುತ್ತಾರೆ. ನೈಲಾನ್ ಅಥವಾ ಪಾಲಿಯೆಸ್ಟರ್‌ನಿಂದ ಮಾಡಿದ, ತಲೆಗೂದಲಿಗಿಂತ ತೆಳುವಾದ ಹಾಳೆ ಅದು. ಅದರ ಮೇಲೆ ಅಲ್ಯೂಮಿನಿಯಂ ಲೇಪ. ಗಾಳಿ ತೆಗೆದ ಕೋಣೆಯಲ್ಲಿ ಅಲ್ಯೂಮಿನಿಯಂ ಲೋಹವನ್ನು ಕಾಯಿಸಿ ಆವಿ ಮಾಡುತ್ತಾರೆ. ಆ ಆವಿ ಹಾಳೆಯ ಮೇಲೆ ಕೂರುತ್ತದೆ, ಚಳಿಗಾಲದ ಬೆಳಿಗ್ಗೆ ಗಾಜಿನ ಮೇಲೆ ಉಸಿರಿನ ಆವಿ ಕೂರುವ ಹಾಗೆ. ಲೇಪದ ದಪ್ಪ ತಲೆಗೂದಲ ದಪ್ಪದ ಸಾವಿರದ ಒಂದು ಪಾಲಿನಷ್ಟೂ ಇರುವುದಿಲ್ಲ. ಬಿಸ್ಕತ್ತು, ಚಿಪ್ಸ್ ಪೊಟ್ಟಣಗಳ ಒಳಭಾಗ ಹೊಳೆಯುತ್ತದಲ್ಲ? ಅದೂ ಬಹುಪಾಲು ಹೀಗೆ ಮಾಡಿದ್ದೇ.

ಇಂಥ ಹಾಳೆ ಆಕಾಶಕ್ಕೂ ಹೋಗಿತ್ತು. 1960ರ ಆಗಸ್ಟ್ 12ರಂದು ಅಮೆರಿಕ ಹಾರಿಸಿದ ಎಕೊ 1 ಎಂಬ ಉಪಗ್ರಹ ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರಿನ ಭಾರಿ ಪುಗ್ಗೆಯೇ. ಅದರ ವ್ಯಾಸ ಸುಮಾರು 30 ಮೀಟರ್! ಭೂಮಿಯಿಂದ ಕಳಿಸಿದ ರೇಡಿಯೊ ಅಲೆಗಳನ್ನು ಅದು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತಿತ್ತು.

ಮೀನಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಸುತ್ತಲೂ ಹೊಲಿಗೆಯಂಥ ಪಟ್ಟಿ ಇದೆ. ಎರಡು ಹಾಳೆಗಳನ್ನು ಬಿಸಿಯಿಂದ ಒತ್ತಿ ಬೆಸೆದ ಗುರುತು ಅದು. ರಬ್ಬರನ್ನು ಯಾವ ಆಕಾರದ ಅಚ್ಚಿನಲ್ಲಿ ಅದ್ದಿದರೂ ಊದಿದಾಗ ಅದು ಉಬ್ಬಿ ಗುಂಡಗಾಗಲು ನೋಡುತ್ತದೆ. ಈ ಹಾಳೆ ಹಿಗ್ಗುವುದಿಲ್ಲ. ಹಾಗಾಗಿ ಮೀನು, ನಕ್ಷತ್ರ, ಅಂಕಿ, ಅಕ್ಷರ ಹೀಗೆ ಹೇಗೆ ಕತ್ತರಿಸಿ ಬೆಸೆದರೂ ಆಕಾರ ಉಳಿಯುತ್ತದೆ. ಹುಟ್ಟುಹಬ್ಬದ ಅಲಂಕಾರಕ್ಕೆ ಫಾಯಿಲ್ ಪುಗ್ಗೆಗೆ ಬೇಡಿಕೆ ಬಂದದ್ದು ಈ ಗುಣದಿಂದಲೇ. ಗಾಜಿನಂತೆ ಪಾರದರ್ಶಕವಾದ ಮೂರನೇ ಬಗೆಯ ಪುಗ್ಗೆಗಳೂ ಈಗ ಅಂಗಡಿಗಳಲ್ಲಿವೆ. ಅವು ಸ್ವಲ್ಪ ಹಿಗ್ಗಬಲ್ಲ ಪ್ಲಾಸ್ಟಿಕ್ಕಿನವು. ರಬ್ಬರಿಗೂ ಫಾಯಿಲಿಗೂ ನಡುವಿನ ಗುಣ ಅವುಗಳದು.

ತೂತಿಲ್ಲದೆ ಸೋರುವುದು ಹೇಗೆ?

ಶಾವಿಗೆಯ ಮುದ್ದೆಯನ್ನು ನೆನಪಿಸಿಕೊಳ್ಳಿ. ಎಳೆಗಳ ನಡುವೆ ಸಂದುಗಳಿರುತ್ತವೆ. ರಬ್ಬರಿನ ಸರಪಳಿಗಳು ಸದಾ ಮಿಸುಕಾಡುತ್ತಿರುವುದರಿಂದ ಸಂದುಗಳು ತೆರೆಯುತ್ತಾ ಮುಚ್ಚುತ್ತಾ ಇರುತ್ತವೆ. ಹೀಲಿಯಂ ಅನಿಲದ ಪರಮಾಣುಗಳು ಬಹಳ ಚಿಕ್ಕವು, ಒಂಟಿಯಾಗಿಯೇ ಓಡಾಡುವಂಥವು. ಅವು ಈ ಸಂದುಗಳಲ್ಲಿ ನುಸುಳಿ ಹೊರಬೀಳುತ್ತವೆ. ಸಾಮಾನ್ಯ ರಬ್ಬರ್ ಪುಗ್ಗೆ ಅರ್ಧ ದಿನದಿಂದ ಒಂದು ದಿನದೊಳಗೆ ತೇಲುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪಾಲಿಯೆಸ್ಟರಿನ ಸರಪಳಿಗಳಾದರೋ ಬಿಗಿಯಾಗಿ, ಒತ್ತೊತ್ತಾಗಿ ಜೋಡಣೆಗೊಂಡಿವೆ. ಮೇಲೆ ಲೋಹದ ಲೇಪ ಬೇರೆ. ಹೀಲಿಯಂಗೆ ದಾರಿ ಸಿಗುವುದು ಕಷ್ಟ. ಅದಕ್ಕೇ ಮೀನು ವಾರಗಟ್ಟಲೆ ತೇಲಿತು.

ಹಾಗಾದರೆ "ಚಿಕ್ಕ ಅನಿಲ ಬೇಗ ಸೋರುತ್ತದೆ, ದೊಡ್ಡದು ನಿಧಾನ" ಎಂದು ಬರೆದುಕೊಳ್ಳಬಹುದೆ? ತಡೆಯಿರಿ. ಮೊದಲು ಒಂದು ಪ್ರಯೋಗ ಮಾಡಿ.

ಒಂದೇ ಪೊಟ್ಟಣದ ಎರಡು ರಬ್ಬರ್ ಪುಗ್ಗೆಗಳನ್ನು ತೆಗೆದುಕೊಳ್ಳಿ. ಅರ್ಧ ಲೀಟರ್ ಬಾಟಲಿಗೆ ಅರ್ಧ ಲೋಟ ವಿನೆಗರ್ ಅಥವಾ ನಿಂಬೆರಸ ಹಾಕಿ. ಮೊದಲ ಪುಗ್ಗೆಯೊಳಗೆ ಎರಡು ಚಮಚ ಅಡುಗೆ ಸೋಡಾ ತುಂಬಿ, ಅದರ ಬಾಯನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ, ಪುಗ್ಗೆಯನ್ನು ಮೇಲೆತ್ತಿ. ಸೋಡಾ ಕೆಳಗೆ ಬಿದ್ದು ನೊರೆ ಏಳುತ್ತದೆ. ಹೊರಬಂದ ಇಂಗಾಲದ ಡೈ ಆಕ್ಸೈಡ್ ಪುಗ್ಗೆಯನ್ನು ತುಂಬುತ್ತದೆ. ಅದನ್ನು ತೆಗೆದು ಗಂಟು ಹಾಕಿ. ಎರಡನೆಯ ಪುಗ್ಗೆಗೆ ಸೈಕಲ್ ಪಂಪಿನಿಂದ ಅಷ್ಟೇ ಗಾತ್ರಕ್ಕೆ ಗಾಳಿ ತುಂಬಿ. ಬಾಯಿಂದ ಊದಬೇಡಿ. ನಮ್ಮ ಉಸಿರಿನಲ್ಲೂ ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ಎರಡನ್ನೂ ನೆರಳಿನಲ್ಲಿಟ್ಟು, ಬೆಳಿಗ್ಗೆ ಸಂಜೆ ದಾರದಿಂದ ಸುತ್ತಳತೆ ತೆಗೆದು ಬರೆದಿಡಿ.

ಇಂಗಾಲದ ಡೈ ಆಕ್ಸೈಡಿನ ಅಣು ಗಾಳಿಯ ಸಾರಜನಕದ ಅಣುವಿಗಿಂತ ಭಾರ. ಆದರೂ ಅದನ್ನು ತುಂಬಿದ ಪುಗ್ಗೆಯೇ ಬೇಗ ಕುಗ್ಗುತ್ತದೆ! ಕಾರಣ, ಈ ಅನಿಲ ರಬ್ಬರಿನಲ್ಲಿ ಚೆನ್ನಾಗಿ ಕರಗುತ್ತದೆ, ಗೋಲಿಸೋಡಾದ ನೀರಿನಲ್ಲಿ ಕರಗಿರುವಂತೆ. ಒಳಗಡೆಯಿಂದ ರಬ್ಬರಿನಲ್ಲಿ ಕರಗಿ, ಹೊರಗಡೆ ಹೊರಬೀಳುತ್ತದೆ. ಸೋರುವುದಕ್ಕೆ ಗಾತ್ರವೊಂದೇ ಅಲ್ಲ, ಅನಿಲಕ್ಕೂ ಚರ್ಮಕ್ಕೂ ಇರುವ ಹೊಂದಾಣಿಕೆಯೂ ಕಾರಣ. ಪುಸ್ತಕದಲ್ಲಿ ಓದಿದ ಒಂದು ಕಾರಣಕ್ಕೇ ತೃಪ್ತರಾಗದೆ ದಾರ ಹಿಡಿದು ಅಳೆದವರಿಗೆ ಮಾತ್ರ ಇದು ಸಿಗುತ್ತದೆ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟವಾದದ್ದು. ಪಪ್ಪಾಯಿ ಎಲೆಯ ತೊಟ್ಟು ಕೊಳವೆಯಂತೆ ಪೊಳ್ಳಾಗಿರುತ್ತದೆ. ಅದರ ತುಂಡೊಂದನ್ನು ತನ್ನಿ. ಒಂದು ಪುಗ್ಗೆಯನ್ನು ಸ್ವಲ್ಪ ಊದಿ, ಇನ್ನೊಂದನ್ನು ದೊಡ್ಡದಾಗಿ ಊದಿ (ಒಡೆಯುವಷ್ಟು ಬೇಡ). ಕುತ್ತಿಗೆಗಳನ್ನು ತಿರುಚಿ ಹಿಡಿದು, ತೊಟ್ಟಿನ ಎರಡು ತುದಿಗಳಿಗೆ ಸಿಕ್ಕಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಈಗ ತಿರುಚನ್ನು ಬಿಚ್ಚಿದರೆ ಗಾಳಿ ಯಾವ ಕಡೆ ಹೋಗುತ್ತದೆ? ಎರಡೂ ಸಮನಾಗುತ್ತವೆ ಎಂದು ತರಗತಿಯಲ್ಲಿ ಬಹುಪಾಲು ಮಕ್ಕಳು ಹೇಳುತ್ತಾರೆ, ದೊಡ್ಡವರೂ ಹೇಳುತ್ತಾರೆ. ಆಗುವುದು ಬೇರೆ: ಚಿಕ್ಕದು ಇನ್ನೂ ಚಿಕ್ಕದಾಗಿ, ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಚಿಕ್ಕ ಪುಗ್ಗೆಯ ಗೋಡೆ ದಪ್ಪ, ಬಾಗೂ ಹೆಚ್ಚು. ಹಾಗಾಗಿ ಒಳಗಿನ ಗಾಳಿಯನ್ನು ಅದು ಹೆಚ್ಚು ಒತ್ತುತ್ತದೆ. ಪುಗ್ಗೆಯನ್ನು ಊದುವಾಗ ಮೊದಲ ಉಸಿರಿಗೇ ಕೆನ್ನೆ ನೋಯುವುದೇಕೆ, ಆಮೇಲೆ ಸುಲಭವಾಗುವುದೇಕೆ ಎಂಬುದಕ್ಕೂ ಇದೇ ಉತ್ತರ. ಫಾಯಿಲ್ ಪುಗ್ಗೆಯಲ್ಲಿ ಈ ತಮಾಷೆ ನಡೆಯುವುದಿಲ್ಲ. ಅದು ತುಂಬುವವರೆಗೂ ಸಡಿಲ, ತುಂಬಿದ ಮೇಲೆ ಗಟ್ಟಿ.

ಏರುವುದು ಎಷ್ಟು?

ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಒಂದು ಲೀಟರ್ ಹೀಲಿಯಂ 0.17 ಗ್ರಾಂ. ವ್ಯತ್ಯಾಸ ಸುಮಾರು 1 ಗ್ರಾಂ. ಅಂದರೆ ಪ್ರತಿ ಲೀಟರ್ ಹೀಲಿಯಂ ಒಂದು ಗ್ರಾಂ ಭಾರವನ್ನು ಎತ್ತಬಲ್ಲದು. 28 ಸೆಂ.ಮೀ. ವ್ಯಾಸದ ಗುಂಡು ಪುಗ್ಗೆಯಲ್ಲಿ ಸುಮಾರು 11 ಲೀಟರ್ ಹಿಡಿಯುತ್ತದೆ. ರಬ್ಬರಿನ ತೂಕ 3 ಗ್ರಾಂ ಎಂದುಕೊಂಡರೂ ಎತ್ತುವ ಶಕ್ತಿ ಸಾಕಷ್ಟು ಉಳಿಯುತ್ತದೆ. ಅಂಗೈ ಅಗಲದ ಫಾಯಿಲ್ ಪುಗ್ಗೆಗೆ ಹೀಲಿಯಂ ತುಂಬಿದರೂ ಅದು ಏರುವುದಿಲ್ಲ. ಒಳಗೆ ಹಿಡಿಯುವ ಅನಿಲ ಅಷ್ಟಿಷ್ಟು, ಹಾಳೆಯ ತೂಕವೇ ಅದಕ್ಕಿಂತ ಹೆಚ್ಚು. ಅಂಥವನ್ನು ಕಡ್ಡಿಗೆ ಸಿಕ್ಕಿಸಿ ಮಾರುತ್ತಾರೆ. ಪುಗ್ಗೆಗೆ ಪ್ಲಾಸ್ಟಿಕ್ ಕಡ್ಡಿ ಬಳಸುವುದನ್ನು ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ.

ಹೀಲಿಯಂಗೂ ನಮಗೂ ಒಂದು ನಂಟಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ದೇಶದ ಮೇಲೆ ಹಾದುಹೋಯಿತು. ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ನಮ್ಮ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ಉಪಕರಣಗಳನ್ನು ಹೂಡಿ ಕಾದಿದ್ದರು. ಈ ಹರ್ಷೆಲ್, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲನ ಮೊಮ್ಮಗ. ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಗಳ ಬೆಳಕನ್ನು ಒಡೆದು ನೋಡಿದಾಗ ಹಳದಿ ಗೆರೆಯೊಂದು ಕಂಡಿತು. ಸೋಡಿಯಂನದಿರಬೇಕು ಎಂದು ಮೊದಲು ಭಾವಿಸಲಾಯಿತು. ಅದು ಹೊಸ ಧಾತುವಿನದು ಎಂದು ಇಂಗ್ಲೆಂಡಿನ ಲಾಕ್ಯರ್ ತರ್ಕಿಸಿದ. ಗ್ರೀಕ್ ಭಾಷೆಯಲ್ಲಿ ಹೀಲಿಯೋಸ್ ಎಂದರೆ ಸೂರ್ಯ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ, ವಿಲಿಯಂ ರ‍್ಯಾಮ್ಸೆಗೆ.

ಹೀಲಿಯಂ ದುಬಾರಿ. ಹಾಗಾಗಿ ಜಾತ್ರೆ ಸಂತೆಗಳಲ್ಲಿ ಕೆಲವರು ಜಲಜನಕವನ್ನು ತುಂಬುತ್ತಾರೆ. ಇದನ್ನು ಮಾತ್ರ ಗಮನವಿಟ್ಟು ಓದಿ. ಜಲಜನಕ ಹೀಲಿಯಂನ ಅರ್ಧದಷ್ಟೇ ತೂಗುತ್ತದೆ. ಆದರೆ ಎತ್ತುವ ಶಕ್ತಿಯಲ್ಲಿ ಸಿಗುವ ಲಾಭ ಲೀಟರಿಗೆ 0.1 ಗ್ರಾಂಗಿಂತ ಕಡಿಮೆ. ಅಪಾಯವೋ ಬಹಳ ದೊಡ್ಡದು. ಹೀಲಿಯಂ ಉರಿಯುವುದಿಲ್ಲ, ಜಲಜನಕ ಕಿಡಿ ತಾಗಿದರೆ ಧಗ್ಗನೆ ಉರಿಯುತ್ತದೆ. ಹುಟ್ಟುಹಬ್ಬದ ಮೋಂಬತ್ತಿ, ಊದುಬತ್ತಿ, ಬೀಡಿಯ ತುದಿ ಯಾವುದಾದರೂ ಸಾಕು. ಪುಗ್ಗೆಯನ್ನು ನೋಡಿ ಒಳಗಿರುವುದು ಯಾವ ಅನಿಲ ಎಂದು ಹೇಳಲಾಗದು. ಆದ್ದರಿಂದ ತೇಲುವ ಪುಗ್ಗೆಗಳ ಗೊಂಚಲನ್ನು ದೀಪದ ಬಳಿ ತರಬೇಡಿ. ಸಿಲಿಂಡರ್ ಇಟ್ಟುಕೊಂಡು ಪುಗ್ಗೆ ತುಂಬುತ್ತಿರುವಲ್ಲಿ ಹತ್ತಿರ ನಿಂತು ನೋಡಬೇಡಿ. ಸಿಲಿಂಡರ್ ಸಿಡಿದು ಮಾರುವವರೂ ಸುತ್ತ ನೆರೆದವರೂ ಸತ್ತಿರುವ ಘಟನೆಗಳು ನಡೆದಿವೆ. ಧ್ವನಿ ಕೀರಲಾಗುತ್ತದೆಂದು ಪುಗ್ಗೆಯ ಅನಿಲವನ್ನು ಒಳಗೆಳೆದುಕೊಳ್ಳುವುದೂ ಬೇಡ. ಅದರಲ್ಲಿ ಆಮ್ಲಜನಕವಿಲ್ಲ, ತಲೆ ತಿರುಗಿ ಬೀಳಬಹುದು, ಪ್ರಾಣಕ್ಕೂ ಅಪಾಯ.

ರಬ್ಬರ್ ಪುಗ್ಗೆ ಒಡೆದ ಮೇಲೂ ಆಟ ಮುಗಿಯುವುದಿಲ್ಲ. ಚೂರನ್ನು ಬಾಯಲ್ಲಿ ಹೀರಿ, ಪುಟ್ಟ ಗುಳ್ಳೆ ಮಾಡಿ, ತಿರುಚಿ, ಗೆಳೆಯನ ಹಣೆಗೆ ಹೊಡೆದು ಪಟ್ ಎನಿಸುವುದು ಗೊತ್ತಲ್ಲ? ನಾನೂ ಚಿಕ್ಕಂದಿನಲ್ಲಿ ಮಾಡಿದ್ದೇನೆ. ಈಗ ನೆನೆದರೆ ಹೆದರಿಕೆಯಾಗುತ್ತದೆ. ಹೀರುವಾಗ ಚೂರು ಜಾರಿ ಗಂಟಲಿಗೆ ಹೋದರೆ ಉಸಿರಿನ ದಾರಿಗೆ ಮುಚ್ಚಳ ಹಾಕಿದಂತೆ ಕೂತುಬಿಡುತ್ತದೆ. ತೆಳುವಾದ ರಬ್ಬರನ್ನು ಹೊರತೆಗೆಯುವುದು ಬಹಳ ಕಷ್ಟ. ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಒಡೆದ ಚೂರುಗಳನ್ನು ಕೂಡಲೇ ಆಯ್ದು ಕಸದ ಬುಟ್ಟಿಗೆ ಹಾಕಿ.

ಕೈ ಜಾರಿ ಆಕಾಶಕ್ಕೆ ಹೋದ ಪುಗ್ಗೆ ಏನಾಗುತ್ತದೆ? ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ಒಳಗಿನ ಅನಿಲ ಹಿಗ್ಗುತ್ತದೆ, ರಬ್ಬರೂ ಹಿಗ್ಗುತ್ತಾ ಹೋಗಿ ಕೊನೆಗೆ ಒಡೆಯುತ್ತದೆ. ಹವಾಮಾನ ಇಲಾಖೆಯವರು ಉಪಕರಣ ಕಟ್ಟಿ ಹಾರಿಸುವ ದೊಡ್ಡ ರಬ್ಬರ್ ಪುಗ್ಗೆಗಳು ಸುಮಾರು 30 ಕಿ.ಮೀ. ಎತ್ತರದವರೆಗೂ ಹೋಗಿ ಹೀಗೆಯೇ ಒಡೆಯುತ್ತವೆ. ಫಾಯಿಲ್ ಮೀನು ಹಿಗ್ಗಲಾರದೆ ಬೆಸುಗೆಯಲ್ಲಿ ಬಿರಿಯುತ್ತದೆ. ಬಿಸಿಲಿನಲ್ಲಿಟ್ಟರೂ ಅಷ್ಟೆ. ಅದರ ಅಲ್ಯೂಮಿನಿಯಂ ವಿದ್ಯುತ್ ವಾಹಕ ಬೇರೆ. ತಂತಿಗಳ ನಡುವೆ ಸಿಕ್ಕಿಕೊಂಡರೆ ಕಿಡಿ ಹಾರಿ ಊರಿನ ಕರೆಂಟೇ ಹೋಗಬಹುದು. ತಂತಿಗೆ ಸಿಕ್ಕಿದ ಪುಗ್ಗೆಯನ್ನು ಕೋಲಿನಿಂದ ಬಿಡಿಸಲು ಹೋಗಲೇಬೇಡಿ.

ಮರದ ಹಾಲಿನಿಂದ ಬಂದದ್ದು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ ಎಂದು ರಬ್ಬರ್ ಪುಗ್ಗೆಯ ಪೊಟ್ಟಣಗಳ ಮೇಲೆ ಬರೆದಿರುವುದುಂಟು. ಆದರೆ ಗಂಧಕದ ಗಂಟುಗಳನ್ನು ಮರೆಯುವಂತಿಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ರಬ್ಬರ್ ಪುಗ್ಗೆಗಳನ್ನು ಗೊಬ್ಬರದಲ್ಲಿ, ಸಿಹಿನೀರಿನಲ್ಲಿ, ಉಪ್ಪುನೀರಿನಲ್ಲಿ 16 ವಾರ ಇಟ್ಟು ನೋಡಿದರು. ಅವು ಗಮನಾರ್ಹವಾಗಿ ಕೊಳೆತಿರಲಿಲ್ಲ ಎಂದು 2021ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಫಾಯಿಲ್ ಅಂತೂ ಪ್ಲಾಸ್ಟಿಕ್ಕೇ, ಕೊಳೆಯುವ ಮಾತೇ ಇಲ್ಲ. ಒಂದು ಅನುಕೂಲವಿದೆ: ಮೀನಿನ ಬಾಲದ ಬಳಿ ಇರುವ ಕವಾಟದೊಳಗೆ ಸ್ಟ್ರಾ ತೂರಿಸಿ ಗಾಳಿ ತೆಗೆಯಬಹುದು, ಮಡಿಸಿಟ್ಟು ಮುಂದಿನ ಹಬ್ಬಕ್ಕೆ ಮತ್ತೆ ಊದಬಹುದು. ತೇಲದಿದ್ದರೂ ಗೋಡೆಗೆ ತೂಗುಹಾಕಲು ಚೆನ್ನ.

ನಮ್ಮ ಮಣ್ಣಿನಲ್ಲಿ ಏನಾಗುತ್ತದೆಂದು ನೀವೇ ನೋಡಬಹುದು. ಶಾಲೆಯ ಕೈತೋಟದ ಮೂಲೆಯಲ್ಲಿ ಒಂದು ಹೊಂಗೆ ಎಲೆ, ಒಂದು ರಬ್ಬರ್ ಪುಗ್ಗೆಯ ಚೂರು, ಒಂದು ಫಾಯಿಲ್ ಚೂರು ಮೂರನ್ನೂ ಗೇಣುದ್ದ ದೂರದಲ್ಲಿ ಹೂತು, ಜಾಗಕ್ಕೆ ಕಡ್ಡಿ ನೆಟ್ಟು ಗುರುತು ಮಾಡಿ. ತಿಂಗಳಿಗೊಮ್ಮೆ ಅಗೆದು ನೋಡಿ, ಚಿತ್ರ ಬರೆದು, ಮತ್ತೆ ಮುಚ್ಚಿ. ಆರನೇ ತರಗತಿಯವರು ಈಗ ಹೂತರೆ ಏಳಕ್ಕೆ ಬಂದಾಗಲೂ ಅಗೆಯಲು ಏನಾದರೂ ಉಳಿದಿರುತ್ತದೆಯೆ? ನಿಮ್ಮ ದಾರದ ಅಳತೆಗಳ ಪಟ್ಟಿಯ ಜೊತೆಗೆ ಅದನ್ನೂ ಬರೆದು ಕಳಿಸಿ.